ಘಾಟಿನಲ್ಲಿ ಮನುಷ್ಯರಿರಲಿಲ್ಲವೇ?

ನಿಸರ್ಗದ ಚಿತ್ರ ಬರೆಯುವವನು ಪರದೇಶಕ್ಕೆ ಹೋದ, ಅಲ್ಲಿ ಅಮೂರ್ತ ಕಲಿತ, ನಮ್ಮ ಜನರನ್ನು ಮರೆತ. ಸಭೆಗಳಲ್ಲಿ ಗೆಳೆಯರು ಹೀಗೆ ಬೈಯೋದನ್ನು ಕೇಳಿದ್ದೇನೆ. ನಾನೂ ಬೈದಿದ್ದೇನೆ. ರಾಮ್ ಕುಮಾರ್ ಅವರ ಬದುಕು ಓದಿದ ಮೇಲೆ ಆ ಬೈಗುಳ ಸುಳ್ಳು ಅನ್ನಿಸಿತು. ನಿಜ ಅದಕ್ಕಿಂತ ಕಹಿಯಾಗಿದೆ.

1924ರಲ್ಲಿ ಶಿಮ್ಲಾದಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡವರು ಅವರು. ಬ್ಯಾಂಕಿನ ಕೆಲಸ ಬಿಟ್ಟು ಪ್ಯಾರಿಸ್ಸಿಗೆ ಹೋಗಿ ಆಂದ್ರೆ ಲೋತ್, ಫರ್ನಾಂಡ್ ಲೆಜೆ ಅವರ ಹತ್ತಿರ ಕಲಿತರು. ಕಂಡ ಗೋಡೆ ಗುಡ್ಡಗಳನ್ನು ಚಪ್ಪಟೆ ಬಣ್ಣದ ತುಂಡುಗಳಾಗಿ ಒಡೆದು ಮತ್ತೆ ಕಟ್ಟುವ ವಿದ್ಯೆ ಲೋತ್ ಅವರದು. ಅದೇ ಪ್ಯಾರಿಸ್ಸು ಕಮ್ಯುನಿಸ್ಟರ ಸಹವಾಸವನ್ನೂ ಕೊಟ್ಟಿತು. ತಿರುಗಿ ಬಂದು 1950ರ ದಶಕದಲ್ಲಿ ಬರೆದದ್ದು ಯಾರನ್ನು? ಕೆಲಸವಿಲ್ಲದೆ ಬೀದಿಯಲ್ಲಿ ನಿಂತ, ಮುಖ ಬತ್ತಿದ ಪಟ್ಟಣದ ಮನುಷ್ಯರನ್ನು!

ಆ ಮನುಷ್ಯ ಕಾಣೆಯಾದದ್ದು ಕಾಶಿಯಲ್ಲಿ. 1960ರ ಸುಮಾರಿಗೆ ಹುಸೇನರ ಜೊತೆ ಅಲ್ಲಿಗೆ ಹೋದರು. ಆಮೇಲಿನ ಚಿತ್ರಗಳಲ್ಲಿ ಒತ್ತೊತ್ತಾದ ಮನೆ, ಮೆಟ್ಟಿಲು, ನೀರು. ಜನ ಇಲ್ಲ. ಮುಂದೆ ಮನೆಗಳೂ ಕರಗಿ ಬರೀ ಬಣ್ಣ ಉಳೀತು. ಪ್ಯಾರಿಸ್ಸಿನಲ್ಲಿ ಕಲಿತ ಒಡೆಯುವ ವಿದ್ಯೆ ಕಾಶಿಯಲ್ಲಿ ಕೆಲಸಕ್ಕೆ ಬಂತು. ವಿಮರ್ಶಕರು ಇದನ್ನು ಮೌನ, ಧ್ಯಾನ, ವೈರಾಗ್ಯ ಅಂತಾರೆ.

ಯಾರ ಮೌನ ಸ್ವಾಮಿ? ಮಣಿಕರ್ಣಿಕಾ ಘಾಟಿನಲ್ಲಿ ಹಗಲೂ ರಾತ್ರಿ ಹೆಣ ಸುಡುವ ಡೋಮರಿದ್ದಾರಲ್ಲ, ಹರಿಶ್ಚಂದ್ರನ ಕತೆಯ ವೀರಬಾಹುವಿನ ಕಡೆಯವರು, ಅವರೆಲ್ಲಿ ಹೋದರು? ನಮ್ಮಪ್ಪ ಊರ ಹೆಣಗಳಿಗೆ ಗುಂಡಿ ತೋಡಿದವನು. ರಾತ್ರಿ ಅಂಗೈ ಬೊಬ್ಬೆಗೆ ಎಣ್ಣೆ ಹಚ್ಕೊಂಡು ಮಲಗುತ್ತಿದ್ದ. ಅವನಿಗೆ ಸ್ಮಶಾನ ಅಂದರೆ ಕೂಲಿಯಿಲ್ಲದ ಬಿಟ್ಟಿ ಚಾಕರಿ. ಅಲ್ಲಿ ಕೂತು ಧ್ಯಾನ ಮಾಡಲು ಅವನಿಗೆ ಪುರುಸೊತ್ತೇ ಇರಲಿಲ್ಲ.

ರಾಮ್ ಕುಮಾರರನ್ನು ನಾನು ದೂರೋದಿಲ್ಲ. ಅಷ್ಟು ಸಂಕಟ ಕಂಡ ಕುಂಚ ಮುಖ ಬರೆಯಲಾರದೆ ಸೋಲಬಹುದು. ಆ ಸೋಲನ್ನೇ ಭಾರತದ ಆತ್ಮ ಅಂತ ಮಾರುವವರ ಮೇಲೆ ನನ್ನ ಸಿಟ್ಟು. ಪ್ಯಾರಿಸ್ಸಿನಿಂದ ಬಂದ ಕಣ್ಣಿಗೆ ದಿಲ್ಲಿಯ ಬೀದಿಯ ಮನುಷ್ಯ ಕಂಡ, ಕಾಶಿಯ ಘಾಟಿನವನು ಕಾಣಲಿಲ್ಲ ಅಂದರೆ ತಪ್ಪನ್ನು ಹಡಗಿನ ಮೇಲೆ ಹೊರಿಸಬೇಡಿ. ನಮ್ಮ ದೇಶವೇ ಅವನನ್ನು ಚಿತ್ರಕ್ಕೆ ಮೊದಲೇ ಅಳಿಸಿತ್ತು.

ಗೆಳೆಯರೇ, ಆ ಚಿತ್ರಗಳನ್ನು ತಪ್ಪದೆ ನೋಡಿ. ನೋಡುತ್ತಾ ಆ ಮೆಟ್ಟಿಲ ಮೇಲೆ ನಿಂತಿದ್ದವರು ಯಾರು ಅಂತ ಕೇಳಿ. ಅವರನ್ನು ಬರೆಯುವ ಕೆಲಸ ಇನ್ನೂ ಬಾಕಿ ಇದೆ. ಅದು ನಮ್ಮದು.