ಒಂದು ಪೌಂಡಿನ ಹಾಯಿದೋಣಿ

ಹಳೆಯ ದೋಣಿ ಅಗ್ಗಕ್ಕೆ ಹೋಗುವುದು ಸಹಜ. ಆದರೆ ಜಗದ್ವಿಖ್ಯಾತವಾದ ಹಾಯಿದೋಣಿಯೊಂದು ಒಂದೇ ಒಂದು ಪೌಂಡಿಗೆ ಬಿಕರಿಯಾದದ್ದು ಅಪೂರ್ವವೇ ಸರಿ.

‘ಜಿಪ್ಸಿ ಮಾತ್ 4’ ಎಂಬ ಈ ದೋಣಿಯಲ್ಲಿ ಆಂಗ್ಲ ನಾವಿಕ ಫ್ರಾನ್ಸಿಸ್ ಚಿಚೆಸ್ಟರನು, ಅರುವತ್ತೈದರ ಇಳಿವಯಸ್ಸಿನಲ್ಲಿ, 1966-67ರಲ್ಲಿ ಏಕಾಕಿಯಾಗಿ ಭೂಪ್ರದಕ್ಷಿಣೆ ಮಾಡಿದನು. ನಡುವೆ ತಂಗಿದ್ದು ಸಿಡ್ನಿಯಲ್ಲಿ ಮಾತ್ರ. ರಾಣಿ ಅವನಿಗೆ ‘ಸರ್’ ಪದವಿಯಿತ್ತಳು. ದೋಣಿಗೆ ದೊರೆತದ್ದು ಗ್ರೀನಿಚ್ಚಿನಲ್ಲಿ ಒಣ ನೆಲೆ. ಚಿಚೆಸ್ಟರನಿಗಂತೂ ಅದರ ಮೇಲೆ ಎಳ್ಳಷ್ಟೂ ಮಮತೆ ಇರಲಿಲ್ಲ. ನೀರಿನಲ್ಲಿರಬೇಕಾದ ಮರ ದಶಕಗಳ ಕಾಲ ನೆಲದ ಮೇಲೆ ನಿಂತು ಶಿಥಿಲವಾಯಿತು. ಕೊನೆಗೆ 2004ರಲ್ಲಿ ನೌಕಾಶಿಕ್ಷಣ ಸಂಸ್ಥೆಯೊಂದು ಅದನ್ನು ಕೊಂಡಿತು. ಕ್ರಯ, ಒಂದು ಪೌಂಡು ಮತ್ತು ಒಂದು ಲೋಟ ಜಿನ್ ಪಾನೀಯ!

ಆನೆಯನ್ನು ಅಗ್ಗಕ್ಕೆ ಕೊಂಡವನಿಗೆ ಮೇವಿನ ಚಿಂತೆ ತಪ್ಪೀತೆ? ಅದನ್ನು ಕಟ್ಟಿದ್ದ ಗಾಸ್ಪೋರ್ಟಿನಲ್ಲಿಯೇ ಜೀರ್ಣೋದ್ಧಾರವಾಯಿತು; ವೆಚ್ಚ ಲಕ್ಷಗಟ್ಟಲೆ ಪೌಂಡು. 2005ರಲ್ಲಿ ತರುಣರನ್ನು ಹೊತ್ತು ಎರಡನೆಯ ಭೂಪ್ರದಕ್ಷಿಣೆಗೆ ಹೊರಟ ದೋಣಿ, ಮರುವರ್ಷ ಪೆಸಿಫಿಕ್ ಸಾಗರದ ಹವಳದ ದಿಬ್ಬಕ್ಕೆ ಬಡಿದು ಪಕ್ಕೆ ಮುರಿದುಕೊಂಡಿತು. ಮತ್ತೆ ದುರಸ್ತಿ, ಮತ್ತೆ ಖರ್ಚು. 2007ರಲ್ಲಿ ಅದು ಪ್ಲಿಮತ್ ರೇವನ್ನು ಸುಖವಾಗಿ ಸೇರಿತು. ಮೂರೇ ವರ್ಷಗಳಲ್ಲಿ ಸಂಸ್ಥೆ ಅದನ್ನು ಮಾರಿಬಿಟ್ಟಿತು.