ಗೋಡಿಗಿ ಗೋಣಿತಟ್ಟು

"ಇಷ್ಟು ರೊಕ್ಕ ಕೊಟ್ಟು ಗೋಡಿಗಿ ಗೋಣಿತಟ್ಟು ಹಚ್ಚಸ್ಲತ್ತಿ ಏನು?"

ಅವ್ವ ಕೇಳಿದ್ದು ಇಷ್ಟೇ. ತಮ್ಮನ ಮದುವೆಗೆ ಹದಿನೈದು ದಿನ ಉಳಿದಿತ್ತು. ಶಹಾಬಾದಿನ ನಮ್ಮ ಹಳೇ ಕಲ್ಲಿನ ಮನೆಯ ಪಡಸಾಲೆ ಚೆಂದ ಕಾಣಲಿ ಅಂತ ಬೆಂಗಳೂರಿನಿಂದ ಸೆಣಬಿನ ವಾಲ್‌ಪೇಪರ್ ಸುರುಳಿಗಳನ್ನು ಹೊತ್ತು ತಂದಿದ್ದೆ. ಕಾಗದದ ಮೇಲೆ ನಾರಿನ ನೇಯ್ಗೆ ಅಂಟಿಸಿರುತ್ತಾರೆ. ಗೆಳೆಯನ ಫ್ಲಾಟಿನಲ್ಲಿ ನೋಡಿ ಮರುಳಾಗಿದ್ದೆ ಅನ್ನಿ.

ಅವ್ವನ ಮಾತು ಪೂರಾ ತಮಾಷೆಯೂ ಅಲ್ಲ. ನಾವು ರೊಟ್ಟಿ ಜೊತೆ ತಿನ್ನೋ ಪುಂಡಿಪಲ್ಯ ಇದೆಯಲ್ಲ, ಆ ಪುಂಡಿ ಜಾತಿಯ ಗಿಡದ ಕಾಂಡವನ್ನು ನೀರಲ್ಲಿ ಕೊಳೆಸಿ, ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು ಹಿರಿಯರು. ಜೂಟ್ ಗಿರಣಿಗಳಲ್ಲಿ ಅದೇ ನಾರು 'ಮೇಸ್ತ' ಅನ್ನೋ ಹೆಸರಲ್ಲಿ ಸೆಣಬಿನ ಜೊತೆ ಸೇರುತ್ತೆ. ತೊಗರಿ ಕಟ್ಟಿಗೆಯ ತಟ್ಟಿಗೆ ಮಣ್ಣು-ಸಗಣಿ ಮೆತ್ತಿದ ಗೋಡೆ ಚಿತ್ತಾಪುರದ ಕಡೆ ಹಳ್ಳಿಯವರಿಗೆ ಹೊಸದೇ? ನಾರಿಗೂ ನಮ್ಮ ಗೋಡೆಗೂ ನಂಟು ಹಳೆಯದು.

ಮದುವೆ ಆಯ್ತು. ವಾಡಿಯಿಂದ ಬಂದ ಬೀಗರು ಗೋಡೆ ಮುಟ್ಟಿ ಮುಟ್ಟಿ ನೋಡಿದರು. ನಾನು ಉಬ್ಬಿದೆ.

ಆಗಸ್ಟಿನಲ್ಲಿ ಫೋನ್ ಬಂತು. "ನಿನ್ನ ಗೋಣಿತಟ್ಟು ಕಳಚಿ ಬಿತ್ತು. ಹಿಂದ ಕರ್ರಗ ಬೂಷ್ಟ ಹಿಡದದ." ಅವ್ವನ ಮಂಚ ಇರೋದು ಅದೇ ಗೋಡೆಗೆ ಹತ್ತಿ. ಅವಳಿಗೆ ಮೊದಲೇ ದಮ್ಮು. ರಾತ್ರಿಯೆಲ್ಲಾ ಕೆಮ್ಮುತ್ತಿದ್ದಾಳೆ ಅಂತ ತಮ್ಮ ಹೇಳಿದಾಗ ನನ್ನ ಚೆಂದದ ಹುಚ್ಚು ಇಳಿದುಹೋಯಿತು.

ಅಂಟಿಸಿದ ಹುಡುಗನನ್ನು ಬೈದೆ. ಆಮೇಲೆ ಯೋಚಿಸಿದರೆ ತಪ್ಪು ನನ್ನದೇ. ಮೇ ತಿಂಗಳ ಬಿಸಿಲಲ್ಲಿ ಕಲಬುರಗಿ ಸೀಮೆಯ ಯಾವ ಗೋಡೆ ತಾನೇ ಒಣಗಿರಲ್ಲ? ಮಳೆಗಾಲದಲ್ಲಿ ಅದು ಹೇಗಿರುತ್ತೆ ಅಂತ ನಾನು ಕೇಳಲೇ ಇಲ್ಲ.

ಚಿಂಚೋಳಿ ಕಡೆಯ ಹಳೇ ಗೌಂಡಿಯೊಬ್ಬರು ಬಂದು ಗೋಡೆ ಬಡಿದು ನೋಡಿ ಹೇಳಿದರು: "ಸಿಮೆಂಟ್ ತಗೀರಿ, ಸುಣ್ಣ ಹಚ್ಚರಿ. ಗೋಡಿಗಿ ಉಸುರಾಡ್ಲಾಕ ಬಿಡ್ರಿ." ವಿಷಯ ಇಷ್ಟು. ಹಳೇ ಮನೆಗಳದ್ದು ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲುಗೋಡೆ. ಪಾಯದಲ್ಲಿ ನೀರು ತಡೆಯೋ ಪದರ ಇರಲ್ಲ. ಕೆಳಗಿನ ಎರೆಮಣ್ಣು ಮಳೆ ನೀರನ್ನು ಹಿಡಿದಿಟ್ಟುಕೊಳ್ಳುತ್ತೆ. ದೀಪದ ಬತ್ತಿಗೆ ಎಣ್ಣೆ ಏರೋ ಹಾಗೆ ತೇವ ಗೋಡೆಗೆ ಏರುತ್ತೆ. ಸುಣ್ಣದ ಗಿಲಾಯಿ ಇದ್ದರೆ ಅದು ಆರಿ ಹೋಗುತ್ತೆ. ನಾವು ಹೊರಗಡೆ ಗಟ್ಟಿ ಸಿಮೆಂಟ್ ಬಳಿದಿದ್ದೆವು. ವಾಡಿ, ಸೇಡಂ, ಮಳಖೇಡ ಅಂದರೆ ಸಿಮೆಂಟ್ ಫ್ಯಾಕ್ಟರಿ, ನಮಗೆ ಎಲ್ಲಾ ರೋಗಕ್ಕೂ ಅದೇ ಔಷಧಿ! ಹೊರದಾರಿ ಮುಚ್ಚಿದ ತೇವ ಉಪ್ಪು ಹೊತ್ತುಕೊಂಡು ಒಳಗೆ ಬಂತು. ಅಲ್ಲಿ ನಾನು ಕಾಗದ ಅಂಟಿಸಿ ಕೂತಿದ್ದೆ.

ಸುರುಳಿಗಳು ಮೂರು ಉಳಿದಿದ್ದವು. ಮುಂದಿನ ವರ್ಷ ಸೇಡಂನಲ್ಲಿ ಅಕ್ಕನ ಮನೆಗೆ ತೆಗೆದುಕೊಂಡು ಹೋದೆ. ಹೊಸ ಮನೆ, ಎರಡು ಕೋಣೆಗಳ ನಡುವಿನ ಇಟ್ಟಿಗೆ ಗೋಡೆ. ಈ ಸಲ ಅವಸರ ಮಾಡಲಿಲ್ಲ. ಮಳೆಗಾಲದಲ್ಲೇ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಟೇಪಿನಿಂದ ನಾಲ್ಕೂ ಕಡೆ ಅಂಟಿಸಿ ಎರಡು ದಿನ ಬಿಟ್ಟೆವು. ಹನಿ ಕಟ್ಟಲಿಲ್ಲ. ಆಮೇಲೆ ಪುಟ್ಟಿ, ಉಜ್ಜುವುದು, ಪ್ರೈಮರ್, ಅದರ ಮೇಲೆ ಲೈನಿಂಗ್ ಪೇಪರ್. ನಾರು ಬಂದದ್ದು ಕೊನೆಗೆ.

ನಾರು ಅಂಟಿಸೋದಕ್ಕೂ ತನ್ನದೇ ನೇಮ ಇದೆ. ಸುರುಳಿಗಳು ಒಂದೇ ಲಾಟಿನವಾಗಿರಬೇಕು. ಕತ್ತರಿಸಿದ ಪಟ್ಟಿಗಳಿಗೆ ನಂಬರ್ ಹಾಕಿ, ಪಕ್ಕಪಕ್ಕ ಹಾಸಿ ಬಣ್ಣ ನೋಡಿಕೊಳ್ಳಬೇಕು. ಮೂಲೆಯಲ್ಲಿ ಸಪೂರ ತುಂಡು ಉಳಿಯದ ಹಾಗೆ ಗೋಡೆಯ ಅಗಲವನ್ನು ಮೊದಲೇ ಹಂಚಬೇಕು. ಬ್ಲೇಡ್ ಮೊಂಡಾದರೆ ನಾರು ಕತ್ತರಿಸಲ್ಲ, ಹರಿಯುತ್ತೆ. ಅಂಟು ಮುಖದ ಕಡೆ ತಾಗಿತೋ, ಕಲೆ ಕಾಯಂ. ಒದ್ದೆ ಬಟ್ಟೆಯಲ್ಲಿ ಒರೆಸೋಕೆ ಹೋದರೆ ಇನ್ನೂ ಕೆಡುತ್ತೆ. ಅಡುಗೆಮನೆ, ಬಚ್ಚಲುಮನೆ ಬೇಡವೇ ಬೇಡ.

ಇಷ್ಟಾದರೂ ಎರಡು ಪಟ್ಟಿಗಳ ನಡುವಿನ ಗೆರೆ ಕಾಣಿಸುತ್ತೆ. ಅಕ್ಕ ಮುಖ ಸಣ್ಣ ಮಾಡಿದಳು. ಅದು ದೋಷ ಅಲ್ಲ ಮಾರಾಯ್ತಿ, ಇಳಕಲ್ ಸೀರೆಯಲ್ಲಿ ಸೆರಗು ಕೂಡಿಸಿದ ಜಾಗ ಕಾಣಲ್ಲವೇ ಅಂದೆ. ಒಪ್ಪಿದಳು. ಮೂರು ಮಳೆಗಾಲ ಆಯ್ತು, ಗೋಡೆ ಹಾಗೇ ಇದೆ.

'ಪ್ರೊಫೆಷನಲ್ ಫಿನಿಶ್' ಅಂದರೆ ಗೆರೆ ಕಾಣದ ಹಾಗೆ ಅಂಟಿಸೋದು ಅಂದುಕೊಂಡಿದ್ದೆ. ನನ್ನ ಪ್ರಕಾರ ಈಗ ಅದು ಗೋಡೆಯ ಯೋಗ್ಯತೆ ನೋಡಿ, ಬೇಡವಾದ ಕಡೆ ಬೇಡ ಅನ್ನೋದು. ಸುರುಳಿ ಮಾರುವವರು ನೆಲದಿಂದ ಏರೋ ತೇವದ ಬಗ್ಗೆ ಒಂದು ಮಾತು ಕೇಳಿದ್ದರೆ, ಅಥವಾ ನಾನೇ ಗೌಂಡಿಯನ್ನು ಮೊದಲು ಕರೆದಿದ್ದರೆ, ಅವ್ವ ಆ ತಿಂಗಳು ಕೆಮ್ಮಬೇಕಿರಲಿಲ್ಲ.

ಶಹಾಬಾದಿನ ಪಡಸಾಲೆ ಗೋಡೆಗೆ ಈಗ ಬರೀ ಸುಣ್ಣ. ಅವ್ವನ ಮಂಚ ಅಲ್ಲೇ ಇದೆ. "ಈಗ ಗೋಡಿ ಗೋಡಿ ಹಂಗ ಕಾಣ್ಲತದ" ಅಂತಾಳೆ. ನಿಮ್ಮೂರಿನ ಹಳೇ ಗೋಡೆಗಳ ಕಥೆ ಏನು?