ಕ್ಷ-ಕಿರಣದ ಮೂಲಗಳೂ ನಮ್ಮೂರ ಕತ್ತಲೆಯೂ

ಕಲಾವಿಭಾಗದ ವಿದ್ಯಾರ್ಥಿಗೆ ಆಕಾಶದ ಗೊಡವೆ ಏಕೆಂದು ಕೇಳುವವರು ನಮ್ಮಲ್ಲಿ ಅನೇಕರಿದ್ದಾರೆ. ಉಪಗ್ರಹಗಳ ಈ ಕಾಲದಲ್ಲಿ ನೆಲದ ಮೇಲಿನ ದೂರದರ್ಶಕದಿಂದೇನು ಪ್ರಯೋಜನವೆಂದು ಕೇಳುವವರೂ ಉಂಟು. ಎರಡು ಪ್ರಶ್ನೆಗಳಿಗೂ ಒಂದೇ ಉದಾಹರಣೆ ಉತ್ತರವಾದೀತೆಂದು ನನಗೆ ತೋರುತ್ತದೆ.

ಆಕಾಶದಿಂದ ಬರುವ ಕ್ಷ-ಕಿರಣಗಳನ್ನು ನಮ್ಮ ವಾಯುಮಂಡಲ ಹೀರಿಬಿಡುತ್ತದೆ. ಆದುದರಿಂದ ಅವುಗಳನ್ನು ಹಿಡಿಯಲು ಮೇಲಕ್ಕೇ ಹೋಗಬೇಕು. 1962ರ ಜೂನ್ ತಿಂಗಳಲ್ಲಿ ರಿಕಾರ್ಡೊ ಜಿಯಾಕೋನಿಯವರೂ ಅವರ ಸಂಗಡಿಗರೂ ಹಾರಿಸಿದ ರಾಕೆಟ್ಟು, ವೃಶ್ಚಿಕದ ದಿಕ್ಕಿನಿಂದ ಪ್ರಬಲವಾದ ಕ್ಷ-ಕಿರಣಗಳು ಬರುತ್ತಿರುವುದನ್ನು ಕಂಡಿತು. ಆದರೆ ಯಾವ ನಕ್ಷತ್ರದಿಂದ? ಅದನ್ನು ಹೇಳುವ ಶಕ್ತಿ ಆ ಉಪಕರಣಕ್ಕಿರಲಿಲ್ಲ. ಹಲಗೆಯ ಸಪ್ಪಳ ಯಾವ ಓಣಿಯಿಂದ ಬಂತೆಂದು ತಿಳಿದರೆ ಸಾಲದು. ಯಾವ ಮನೆಯೆಂದು ತಿಳಿಯಬೇಕು, ಬಾರಿಸುವವನ ಮುಖವನ್ನೂ ನೋಡಬೇಕು. 1966ರಲ್ಲಿ ಮತ್ತೊಂದು ರಾಕೆಟ್ಟು ಸ್ಥಾನವನ್ನು ಇನ್ನಷ್ಟು ನಿಖರವಾಗಿ ತೋರಿಸಿದ ಮೇಲೆ, ಟೋಕಿಯೋ ಮತ್ತು ಪಾಲೋಮಾರ್ ವೀಕ್ಷಣಾಲಯಗಳ ದೂರದರ್ಶಕಗಳು ಅಲ್ಲಿ ಮಂಕಾದ ನೀಲಿ ನಕ್ಷತ್ರವೊಂದನ್ನು ಗುರುತಿಸಿದವು. ಸಪ್ಪಳಕ್ಕೆ ಮನೆ ಸಿಕ್ಕಿತು.

ಗುರುತಿಸಿದ ಮೇಲೆ ವರ್ಗೀಕರಣ. ಖಾನಾಪುರ ತಾಲೂಕಿನ ಹಲಸಿ ಕದಂಬರ ರಾಜಧಾನಿಗಳಲ್ಲೊಂದಾಗಿತ್ತೆಂದು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲರು. ಶಕವರ್ಷವಿಲ್ಲದ ಶಾಸನದ ಕಾಲವನ್ನು ಪಂಡಿತರು ಲಿಪಿಯ ರೂಪದಿಂದ ಊಹಿಸುತ್ತಾರೆ. ಖಗೋಲಜ್ಞರಿಗೆ ರೋಹಿತವೇ ಲಿಪಿ. ಅದರಲ್ಲಿ ಜಲಜನಕ, ಹೀಲಿಯಂಗಳ ಹೊಳೆಯುವ ರೇಖೆಗಳಿದ್ದರೆ ಒಂದು ನಕ್ಷತ್ರದ ಅನಿಲ ಜೊತೆಗಾರನ ಕಡೆಗೆ ಸುರಿಯುತ್ತಿರಬಹುದು. ಅಗಲವಾದ ರೇಖೆಗಳು ಕೆಂಪಿನ ಕಡೆಗೆ ಬಹಳ ಸರಿದಿದ್ದರೆ ಅದು ದೂರದ ಗೆಲಾಕ್ಸಿಯೊಂದರ ನಡುಗೇಂದ್ರವಿರಬಹುದು. ರಾಜಹಂಸ ಮಂಡಲದ ಮೊದಲನೆಯ ಕ್ಷ-ಕಿರಣ ಮೂಲದ ಸ್ಥಾನದಲ್ಲಿದ್ದ ನೀಲಿ ನಕ್ಷತ್ರ 5.6 ದಿನಗಳಿಗೊಮ್ಮೆ ಕಾಣದ ಸಂಗಾತಿಯೊಂದನ್ನು ಸುತ್ತುತ್ತಿದೆಯೆಂದು 1972ರ ಹೊತ್ತಿಗೆ ತಿಳಿದುದೂ ರೋಹಿತದಿಂದಲೇ. ಆ ಸಂಗಾತಿ ಕಪ್ಪುರಂಧ್ರವೆಂದೂ, ಅದರ ತೂಕ ಸುಮಾರು 21 ಸೂರ್ಯರಷ್ಟೆಂದೂ 2021ರ ಅಳತೆ ಹೇಳುತ್ತದೆ.

ಕನ್ನಡನಾಡಿಗೂ ಇದರಲ್ಲಿ ಪಾಲಿದೆ. ಬೆಂಗಳೂರಿನಲ್ಲಿ ರೂಪುಗೊಂಡು 1975ರಲ್ಲಿ ಹಾರಿದ ಆರ್ಯಭಟ ಕ್ಷ-ಕಿರಣದ ಉಪಕರಣವನ್ನು ಹೊತ್ತಿತ್ತು. 2015ರ ಆಸ್ಟ್ರೋಸ್ಯಾಟಿನಲ್ಲಿ ಕ್ಷ-ಕಿರಣದ ಉಪಕರಣಗಳ ಜೊತೆಗೆ ನೇರಳಾತೀತ ಬೆಳಕನ್ನು ನೋಡುವ ದೂರದರ್ಶಕವನ್ನೂ ಇಟ್ಟರು. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಕನ್ನಡಿಯ ಚಂದ್ರಾ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. ಮೇಲೆ ಹಾರಿದ ಯಂತ್ರವೂ ಕೆಳಗಿನ ಕನ್ನಡಿಯೂ ಒಂದಕ್ಕೊಂದು ಪ್ರತಿಸ್ಪರ್ಧಿಗಳಲ್ಲ.

ಈಗ ನನ್ನ ಅಭಿಪ್ರಾಯ. ರಾಜಹಂಸದ ಆ ನೀಲಿ ನಕ್ಷತ್ರ ಸುಮಾರು ಒಂಬತ್ತನೆಯ ಕಾಂತಿಮಾನದ್ದು. ಬರಿಗಣ್ಣಿಗೆ ಕಾಣದಿದ್ದರೂ ಕತ್ತಲೆಯಿದ್ದರೆ ಸಣ್ಣ ದೂರದರ್ಶಕಕ್ಕೆ ಕಾಣುತ್ತದೆ. ಖಾನಾಪುರದಿಂದ ದಿನವೂ ಬೆಳಗಾವಿಗೆ ಬಂದು ಓದುವ ನಾನು ಎರಡು ಆಕಾಶಗಳನ್ನು ಬಲ್ಲೆ. ನಗರದಲ್ಲಿ ದೀಪಗಳ ಮಬ್ಬು ಚುಕ್ಕೆಗಳನ್ನು ನುಂಗಿದೆ; ನಮ್ಮ ಕಡೆ ಇನ್ನೂ ಕತ್ತಲೆ ಉಳಿದಿದೆ, ಆದರೆ ಅದೂ ವರ್ಷವರ್ಷಕ್ಕೆ ಕರಗುತ್ತಿದೆ. ದೀಪ ಬೇಡವೆಂದು ನಾನು ಹೇಳುತ್ತಿಲ್ಲ. ರಾತ್ರಿ ನಡೆಯುವವರಿಗೆ ಅದು ಬೇಕೇ ಬೇಕು. ಬೆಳಕು ದಾರಿಯ ಮೇಲೆ ಬೀಳಲಿ, ಮುಗಿಲಿಗೇಕೆ?

ಮಳೆಗಾಲದಲ್ಲಿ ಕಣಕುಂಬಿ, ಜಾಂಬೋಟಿಗಳ ಆಕಾಶ ಮುಚ್ಚಿರುತ್ತದೆಂಬುದು ನಿಜ. ಆದರೆ ದೀಪಾವಳಿಯ ಸುಮಾರಿಗೆ ಮೋಡ ಸರಿದಿದ್ದರೆ ರಾಜಹಂಸ ಮುಸ್ಸಂಜೆಯಲ್ಲೇ ನೆತ್ತಿಯ ಸಮೀಪವಿರುತ್ತದೆ. ನಮ್ಮ ಕಾಲೇಜಿಗೆ ಒಂದು ಸಣ್ಣ ದೂರದರ್ಶಕ, ಒಂದು ನಕ್ಷತ್ರಪಟ, ವರ್ಷಕ್ಕೆ ನಾಲ್ಕು ರಾತ್ರಿ ಖಾನಾಪುರದ ಕಡೆಗೊಂದು ಪ್ರವಾಸ: ಇಷ್ಟನ್ನು ಗುರುಗಳೂ ಸಹಪಾಠಿಗಳೂ ಮನಸ್ಸು ಮಾಡಿದರೆ ಒದಗಿಸಿಕೊಳ್ಳಬಹುದು. ಕಾಣುವುದರಿಂದ ಕಾಣದುದನ್ನು ಅರಿಯುವ ವಿದ್ಯೆ ಕಲೆಗೂ ವಿಜ್ಞಾನಕ್ಕೂ ಸಮಾನವಾದುದು. ಕತ್ತಲೆ ಇರುವಾಗಲೇ ಅದನ್ನು ಕಲಿಯೋಣ.